ಕುರಿ ಹಿಂಡಿನ ರಕ್ತಪರೀಕ್ಷೆ: ಶಿರಸಿಯ ಒಂದು ಖಾಸಗಿ ಪ್ರಯೋಗಾಲಯದ ಸೇವೆ ಹೇಗಿದೆ?

ಎಷ್ಟು ಕುರಿಗಳ ರಕ್ತ ತೆಗೆಯಬೇಕು ಎಂಬ ಪ್ರಶ್ನೆಗೆ ಲೆಕ್ಕಬದ್ಧವಾದ ಉತ್ತರ ಕೊಟ್ಟರೆಂಬ ಕಾರಣಕ್ಕೇ ಈ ಸೇವೆಗೆ ಅರ್ಧದಷ್ಟು ಅಂಕ ಸಲ್ಲಬೇಕು. ನೂರು ಕುರಿಗಳ ಹಿಂಡಿನಲ್ಲಿ ಹತ್ತಕ್ಕೆ ಸೋಂಕು ತಗುಲಿದ್ದರೆ, ಆರಿಸದೆ ಹಿಡಿದ 25 ಕುರಿಗಳ ಪರೀಕ್ಷೆಯಲ್ಲಿ ಒಂದಾದರೂ ಸಿಕ್ಕಿಬೀಳುವ ಸಂಭವ ಶೇ. 95, ಐದಕ್ಕೆ ಮಾತ್ರ ತಗುಲಿದ್ದರೆ 45 ಬೇಕಾಗುತ್ತವೆ. ಕಂದು ಹಾಕಿದ (ಗರ್ಭ ಕಳೆದುಕೊಂಡ) ಕುರಿಗಳನ್ನಷ್ಟೇ ತೋರಿಸಿ ಮುಗಿಸೋಣವೆಂದಿದ್ದ ನಮಗೆ, ಟಗರುಗಳನ್ನೂ ಸಂತೆಯಿಂದ ಹೊಸದಾಗಿ ತಂದವನ್ನೂ ಬಿಡಬಾರದೆಂದು ಅವರು ತಿಳಿಹೇಳಿದರು.

ಬನವಾಸಿ ಕಡೆಯ ನಮ್ಮ ಹಟ್ಟಿಗೆ ಬೆಳಗಿನ ತಂಪಿನಲ್ಲೇ ಬಂದವರು ಕುತ್ತಿಗೆಯ ಉಣ್ಣೆ ಕತ್ತರಿಸಿ, ಹೆಬ್ಬೆರಳಿನಿಂದ ರಕ್ತನಾಳವನ್ನು ಒತ್ತಿ ಹಿಡಿದು, ಕೆಂಪು ಮುಚ್ಚಳದ ಟ್ಯೂಬಿಗೆ ರಕ್ತ ತುಂಬಿಸಿದರು. ಟ್ಯೂಬನ್ನು ಕುಲುಕಿದರೆ ರಕ್ತಕಣಗಳು ಒಡೆದು ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಕೆಡುತ್ತದೆಂದು, ಹೆಪ್ಪುಗಟ್ಟುವವರೆಗೆ ಓರೆಯಾಗಿಟ್ಟು ಕಾದರು. ಗರ್ಭಪಾತಕ್ಕೆ ಕಾರಣವಾಗುವ ಕಂದು ರೋಗದ (ಬ್ರುಸೆಲ್ಲೋಸಿಸ್) ರೋಸ್ ಬೆಂಗಾಲ್ ಪರೀಕ್ಷೆಯನ್ನು ಪ್ರಯೋಗಾಲಯದಲ್ಲಿ ನಮ್ಮೆದುರಿಗೇ ಮಾಡಿ ತೋರಿಸಿದರು: ಒಂದು ಪಾಲು ಗುಲಾಬಿ ದ್ರಾವಣಕ್ಕೆ ಮೂರು ಪಾಲು ಸೀರಮ್ ಬೆರೆಸಿ, ನಾಲ್ಕು ನಿಮಿಷ ತೂಗಿದಾಗ ಸಣ್ಣ ಹರಳುಗಳು ಕಂಡರೆ ಸೋಂಕಿನ ಸುಳಿವಿದೆ ಎಂದರ್ಥ. ದನಗಳಿಗೆ ಸಮಪಾಲು ಸಾಕು, ಕುರಿಗಳಿಗೆ ಸೀರಮ್ ಹೆಚ್ಚು ಬೇಕು. ಈ ವ್ಯತ್ಯಾಸ ಗೊತ್ತಿದ್ದವರ ಕೈಗೆ ಹಿಂಡನ್ನು ಒಪ್ಪಿಸಬಹುದು.

ವರದಿಯ ವಿಷಯದಲ್ಲಿ ಮಾತ್ರ ಅಸಮಾಧಾನವಿದೆ. ಮಳೆ ಮತ್ತು ಗದ್ದೆಯ ನೀರು ಇಷ್ಟಿರುವ ನಮ್ಮ ಸೀಮೆಯಲ್ಲಿ ಇಲಿ ಜ್ವರದ ಪರೀಕ್ಷೆಯೂ ಅಗತ್ಯವೆಂದು ಅದನ್ನೂ ಮಾಡಿಸಿದ್ದೆವು. ಅದರ ಫಲಿತಾಂಶದ ಮುಂದೆ ಬರೀ ‘ಪಾಸಿಟಿವ್’ ಎಂದು ಬರೆದು, ಟೈಟರ್ (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯದ ಮಟ್ಟ ತೋರಿಸುವ ಸಂಖ್ಯೆ) ಎಷ್ಟೆಂಬುದನ್ನೇ ಬಿಟ್ಟಿದ್ದರು. ರಕ್ತದಲ್ಲಿ ಪ್ರತಿಕಾಯ ಇದೆಯೆಂದರೆ ಕುರಿಗೆ ಎಂದೋ ಸೋಂಕು ತಗುಲಿತ್ತೆಂದಷ್ಟೇ ಹೇಳಬಹುದು, ಈಗಲೂ ಇದೆಯೆಂದಲ್ಲ. ಎರಡು-ಮೂರು ವಾರಗಳ ನಂತರ ಅದೇ ಕುರಿಯ ರಕ್ತ ಮತ್ತೆ ತೆಗೆದು, ಟೈಟರ್ ನಾಲ್ಕು ಪಟ್ಟು ಏರಿದೆಯೇ ಎಂದು ನೋಡಿದಾಗಲೇ ಹೊಸ ಸೋಂಕೆಂದು ನಿಶ್ಚಯಿಸಲು ಸಾಧ್ಯ. ಮೊದಲ ಸಂಖ್ಯೆಯೇ ಇಲ್ಲದಿದ್ದರೆ ಹೋಲಿಸುವುದು ಯಾವುದಕ್ಕೆ? ಕೇಳಿದ ಮೇಲೆ ಕೊಟ್ಟರು, ಆದರೆ ಕೇಳಬೇಕೆಂದು ಎಷ್ಟು ಮಂದಿಗೆ ಹೊಳೆದೀತು!

ದರ ಹೆಚ್ಚೆನಿಸಲಿಲ್ಲ, ಪ್ರಯಾಣದ ಖರ್ಚು ಮಾತ್ರ ಬೇರೆ. ಬಿದ್ದ ಕಂದನ್ನೂ ಸತ್ತೆಯನ್ನೂ (ಮಾಸು) ಬರಿಗೈಯಲ್ಲಿ ಮುಟ್ಟದೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು, ಕಂದು ರೋಗ ಮನುಷ್ಯರಿಗೂ ಹರಡುವುದರಿಂದ ಹಾಲನ್ನು ಕಾಯಿಸಿಯೇ ಕುಡಿಯಬೇಕು ಎಂದು ಹಟ್ಟಿಯ ಆಳುಗಳನ್ನು ಕೂರಿಸಿಕೊಂಡು ವಿವರಿಸಿದ್ದಕ್ಕೆ ಅವರು ಹಣ ಕೇಳಲಿಲ್ಲ. ಕರೆಸುವವರು ಟೈಟರ್ ಸಹಿತ ವರದಿ ಬೇಕೆಂದು ಮೊದಲೇ ಬರೆದುಕೊಡುವುದು ಒಳ್ಳೆಯದು.