ಪೀಪಾಯಿ ಕೊಳ್ಳುವ ಮುನ್ನ ಗೋದಾಮನ್ನು ಕೇಳಿ

ಕಾಗದ ಮಾತ್ರ ಬಹಳ ಚೆನ್ನಾಗಿತ್ತು. ದಪ್ಪ ಹಾಳೆ, ಅಂಚಿನುದ್ದಕ್ಕೂ ಚಿನ್ನದ ಬಣ್ಣದ ಬಳ್ಳಿ, ಕೆಳಗೆ ಉಬ್ಬು ಮುದ್ರೆ. ಸ್ಕಾಟ್ಲೆಂಡಿನ ಗೋದಾಮೊಂದರಲ್ಲಿ ಮಾಗುತ್ತಿರುವ, ಇಂತಿಂಥ ಸಂಖ್ಯೆಯ ವಿಸ್ಕಿ ಪೀಪಾಯಿಗೆ ನಾನೇ ಒಡೆಯ ಎಂದು ಅದರಲ್ಲಿ ಅಚ್ಚಾಗಿತ್ತು. ಅದಕ್ಕೆ ನಾನು ತೆತ್ತದ್ದು 4,000 ಪೌಂಡ್.

ಬಲೆ ಬೀಸಿದ್ದು ಒಂದು ವಿಸ್ಕಿ ಟೇಸ್ಟಿಂಗ್ ಕೂಟದಲ್ಲಿ. ಮೊದಲು ಮೂಸಿ, ಎರಡು ಹನಿ ನೀರು ಬೆರೆಸಿ, ಮತ್ತೆ ಮೂಸಿ ಎಂದು ಹೇಳಿಕೊಟ್ಟರು. ನೀರು ಬಿದ್ದೊಡನೆ ಹೊಗೆಯ ವಾಸನೆಯ ಹಿಂದಿನಿಂದ ವೆನಿಲಾದ ಕಂಪು ಮೆಲ್ಲಗೆ ಮೇಲೆದ್ದಿತು. (ಆ ಪಾಠ ಮಾತ್ರ ಸುಳ್ಳಲ್ಲ, ಈಗಲೂ ಹಾಗೆಯೇ ಕುಡಿಯುತ್ತೇನೆ.) ಮೂರನೆಯ ಲೋಟದ ಹೊತ್ತಿಗೆ ಮಾತು ರುಚಿಯಿಂದ ಲಾಭಕ್ಕೆ ಜಾರಿತ್ತು. 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ 1926ರ ಮಕ್ಯಾಲನ್ ಎಂಬ ಸ್ಕಾಚ್ ವಿಸ್ಕಿಯ ಒಂದೇ ಬಾಟಲಿ 20 ಲಕ್ಷ ಪೌಂಡ್ ದಾಟಿದ ಕಥೆಯನ್ನು ಮಾರಾಟಗಾರ ರಸವತ್ತಾಗಿ ಹೇಳಿದ. ಅರವತ್ತು ವರ್ಷ ಮಾಗಿ, ನಲವತ್ತೇ ಬಾಟಲಿಗಳಾದ ಆ ಸರಕಿಗೂ ಮೊನ್ನೆ ಭಟ್ಟಿ ಇಳಿದ ನನ್ನ ಮದ್ಯಕ್ಕೂ ಎತ್ತಣ ನಂಟು ಎಂದು ನಾನು ಕೇಳಲಿಲ್ಲ.

ಮೂರು ವರ್ಷದ ಮೇಲೆ ಮಾರಲು ಹೊರಟಾಗ 'ಇನ್ನೂ ಸ್ವಲ್ಪ ಕಾಯಿರಿ' ಎಂದರು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಕೊನೆಗೆ ನೇರವಾಗಿ ಗೋದಾಮಿಗೇ ಬರೆದೆ. ಒಂದೇ ಸಾಲಿನ ಉತ್ತರ ಬಂತು: ನಮ್ಮ ದಾಖಲೆಯಲ್ಲಿ ನಿಮ್ಮ ಹೆಸರಿನಲ್ಲಿ ಯಾವ ಪೀಪಾಯಿಯೂ ಇಲ್ಲ.

ಆ ಪತ್ರವನ್ನು ದುಡ್ಡು ಕೊಡುವ ಮುನ್ನ ಬರೆಯಬೇಕಿತ್ತು. ಸ್ಕಾಚ್ ಎನಿಸಿಕೊಳ್ಳಬೇಕಾದರೆ ಮದ್ಯವು ಸ್ಕಾಟ್ಲೆಂಡಿನಲ್ಲೇ, ಸುಂಕ ಇಲಾಖೆಯ ಹಿಡಿತದಲ್ಲಿರುವ ಗೋದಾಮಿನಲ್ಲಿ, ಓಕ್ ಪೀಪಾಯಿಯೊಳಗೆ ಕನಿಷ್ಠ 3 ವರ್ಷ ಮಾಗಬೇಕು. ಯಾವ ಪೀಪಾಯಿ ಯಾರದು ಎಂಬ ಲೆಕ್ಕ ಇರುವುದು ಆ ಗೋದಾಮಿನವರ ಬಳಿ. ಮಾರುವವನು ಸಹಿ ಮಾಡಿದ ಡೆಲಿವರಿ ಆರ್ಡರ್ (ಪೀಪಾಯಿಯನ್ನು ಕೊಂಡವರ ಹೆಸರಿಗೆ ಬದಲಿಸಿ ಎಂಬ ಆದೇಶಪತ್ರ) ಗೋದಾಮಿಗೆ ತಲುಪಿ, ಹೆಸರು ಬದಲಾಯಿತೆಂದು ಅವರೇ ಲಿಖಿತವಾಗಿ ತಿಳಿಸುವವರೆಗೆ ಹಣ ಕೊಡಬೇಡಿ. ಮಾರುವವನೇ ಅಚ್ಚು ಹಾಕಿಸಿದ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಬಹುದು, ಅಷ್ಟೇ. ಒಂದೇ ಪೀಪಾಯಿಯನ್ನು ಹಲವರಿಗೆ ಮಾರಿದ ಪ್ರಕರಣಗಳನ್ನು 2025ರಲ್ಲಿ ಬಿಬಿಸಿ ಬಯಲಿಗೆಳೆದಾಗ ನನ್ನಂಥವರು ಎಷ್ಟೊಂದು ಮಂದಿ ಎಂದು ಗೊತ್ತಾಯಿತು.

ಪೀಪಾಯಿ ನಿಜವಾಗಿ ನಿಮ್ಮದೇ ಆದರೂ ಒಳಗೆ ಏನಿದೆ ಎಂದು ಅಳೆಸಿ ನೋಡಿ. ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾಗಿ ಹೋಗುತ್ತದೆ. ಅದನ್ನು ಅಲ್ಲಿಯವರು ದೇವತೆಗಳ ಪಾಲು ಎನ್ನುತ್ತಾರೆ. ಮದ್ಯಸಾರ ಶೇ. 40ಕ್ಕಿಂತ ಕೆಳಗಿಳಿಯಿತೋ, ಅದನ್ನು ಸ್ಕಾಚ್ ಎಂದು ಮಾರುವಂತೆಯೇ ಇಲ್ಲ. ಇದರ ಮೇಲೆ ಬಾಡಿಗೆ, ವಿಮೆ. ಹರಾಜಿನ ಬೆಲೆಗಳು ಶಿಖರದಿಂದ ಇಳಿದಿವೆ, ದೊಡ್ಡ ಕಂಪನಿಗಳೇ ಕೆಲವು ಡಿಸ್ಟಿಲರಿಗಳಲ್ಲಿ ಉತ್ಪಾದನೆ ತಗ್ಗಿಸಿವೆ. ಇಂಥ ಹೊತ್ತಿನಲ್ಲಿ 'ಖಚಿತ ಲಾಭ' ಎನ್ನುವವನ ಎದುರಿನಿಂದ ಎದ್ದು ಬನ್ನಿ.

ಕಳೆದ ವಾರ ಇನ್ನೊಂದು ಕರೆ ಬಂತು. ಬೇರೆ ಕಂಪನಿಯಂತೆ, ಬೇರೆ ದನಿ. ಮುಂಗಡ ಶುಲ್ಕ ಕಟ್ಟಿದರೆ ನನ್ನ ಹಣ ವಾಪಸು ಕೊಡಿಸುತ್ತಾರಂತೆ. ನನ್ನ ಪೀಪಾಯಿಯ ಸಂಖ್ಯೆಯನ್ನು ಅವನು ಒಂದಂಕಿಯೂ ತಪ್ಪದೆ ಹೇಳಿದ.