ಎಸ್ಟೀಮ್‌ಗೆ ಎರಡು ಕ್ಯಾಮ್, ಮೂರು ಸ್ಪ್ರಿಂಗ್

ಲೋನಾವಳ ಹತ್ತಿರದ ಆಂಬಿ ವ್ಯಾಲಿ ಏರ್‌ಸ್ಟ್ರಿಪ್‌ನಲ್ಲಿ ಮೊದಲ ಸಲ ಓಡಿಸಿದಾಗ ನನ್ನ ಹಳೇ ಮಾರುತಿ ಎಸ್ಟೀಮ್ ಕಾರು 6,800 ಆರ್‌ಪಿಎಂ ದಾಟುತ್ತಿದ್ದಂತೆ ತೊದಲಿತು. ಪೆಟ್ರೋಲ್ ಸಾಲುತ್ತಿಲ್ಲ ಅಂದುಕೊಂಡು ಎರಡು ವಾರ ಸುಮ್ನೆ ಇಂಜೆಕ್ಟರ್ ಹಿಂದೆ ಬಿದ್ದೆ. ಪುಣೆ ಹತ್ತಿರದ ಭೋಸರಿಯಲ್ಲಿ ಗ್ಯಾರೇಜ್ ಇಟ್ಟಿರುವ ವಿಜಯಪುರದ ಕಾಕಾ ಇಂಜಿನ್ ಮೇಲಿನ ಮುಚ್ಚಳ (ರಾಕರ್ ಕವರ್) ಬಿಚ್ಚಿ ನಕ್ಕರು. "ತಮ್ಮಾ, ಕ್ಯಾಮ್ ರೇಸಿಂದು, ಸ್ಪ್ರಿಂಗ್ ಆಫೀಸಿಗೆ ಹೋಗೋ ಕಾರಿಂದು!"

ಇಂಜಿನ್ನಿಗೆ ಗಾಳಿ-ಪೆಟ್ರೋಲ್ ಒಳಬಿಡುವ, ಹೊಗೆ ಹೊರಬಿಡುವ ಬಾಗಿಲೇ ವಾಲ್ವ್. ಅದನ್ನು ತೆರೆಯುವುದು ಕ್ಯಾಮ್ ಅನ್ನುವ ಉಬ್ಬುಗಳಿರುವ ದಂಡ, ಮುಚ್ಚುವುದು ಸ್ಪ್ರಿಂಗ್. ಕ್ಯಾಮ್ ತಿರುಗುವುದು ಇಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಹಾಗಿದ್ದರೂ 7,500 ಆರ್‌ಪಿಎಂನಲ್ಲಿ ಒಂದೊಂದು ವಾಲ್ವ್ ಸೆಕೆಂಡಿಗೆ 62 ಸಲ ತೆರೆದು ಮುಚ್ಚಬೇಕು. ಸ್ಪ್ರಿಂಗ್ ಸೋತರೆ ವಾಲ್ವ್ ಕ್ಯಾಮಿನ ಹಿಡಿತ ತಪ್ಪಿ ತೇಲುತ್ತದೆ. ನನ್ನದು ಹಾಗೇ ಆಗಿತ್ತು. (ನಮ್ಮ ಗುಂಪಿನ ಆರ್‌ಎಕ್ಸ್ 100 ಬೈಕಿನ ಹುಡುಗರಿಗೆ ಈ ತಲೆನೋವೇ ಇಲ್ಲ. ಟೂ-ಸ್ಟ್ರೋಕಿಗೆ ಕ್ಯಾಮೂ ಇಲ್ಲ, ಈ ಸ್ಪ್ರಿಂಗೂ ಇಲ್ಲ.)

ಕಂಪನಿ ಸ್ಪ್ರಿಂಗ್ ತೆಗೆದು ಡಬಲ್ ಸ್ಪ್ರಿಂಗ್ ಹಾಕಿದೆವು. ಒಂದರೊಳಗೆ ಇನ್ನೊಂದು. ಸುರುಳಿಗಳು ಸಿಕ್ಕಿಕೊಳ್ಳದಿರಲಿ ಅಂತ ಒಳಗಿನದನ್ನು ಎದುರು ದಿಕ್ಕಿಗೆ ಸುತ್ತಿರುತ್ತಾರೆ. 7,500ರವರೆಗೆ ತೊದಲಿಲ್ಲ. ಆದರೆ "ಗಟ್ಟಿ ಸ್ಪ್ರಿಂಗ್ ಹಾಕಿದ್ರ ಬಿಲ್ ಕ್ಯಾಮ್ ಕಟ್ತದ" ಅಂತ ಕಾಕಾ ಹೇಳಿದ್ದು ನಿಜವಾಯಿತು. ನಾಲ್ಕೇ ತಿಂಗಳಲ್ಲಿ ಕ್ಯಾಮಿನ ಉಬ್ಬಿನ (ಲೋಬ್) ಮೇಲೆ ಗೀರು.

ಆಮೇಲೆ ಬೀಹೈವ್ ಸ್ಪ್ರಿಂಗ್. ಜೇನುಗೂಡಿನ ಹಾಗೆ ಮೇಲೆ ಸಪೂರ. ಹಾಗಾಗಿ ಸ್ಪ್ರಿಂಗನ್ನು ವಾಲ್ವಿಗೆ ಹಿಡಿದಿಡುವ ಬಿಲ್ಲೆ (ರಿಟೇನರ್) ಸಣ್ಣದು, ಹಗುರ. ಸುರುಳಿಗಳ ಅಗಲ ಬೇರೆ ಬೇರೆ ಇರುವುದರಿಂದ ಸ್ಪ್ರಿಂಗ್ ಪೂರ್ತಿ ಒಟ್ಟಿಗೆ ನಡುಗುವುದು ಕಮ್ಮಿ. ಕಡಿಮೆ ಒತ್ತಡದಲ್ಲೇ ಅದೇ ಆರ್‌ಪಿಎಂ ಸಿಕ್ಕಿತು. ಬೆಲೆ ಮಾತ್ರ ಜಾಸ್ತಿ. ಇನ್ನೊಂದು ಭಯವೂ ಇದೆ: ಡಬಲ್‌ನಲ್ಲಿ ಒಂದು ಮುರಿದರೆ ವಾಲ್ವ್ ಹಿಡಿಯಲು ಇನ್ನೊಂದಿರುತ್ತದೆ, ಇದರಲ್ಲಿ ಅದಿಲ್ಲ.

ಯಾವುದೇ ಸ್ಪ್ರಿಂಗ್ ಹಾಕಿ, ವಾಲ್ವ್ ಪೂರ್ತಿ ತೆರೆದಾಗ ಸುರುಳಿಗಳ ನಡುವೆ ಒಟ್ಟು 1.5 ಮಿಮೀ ಸಂದು ಉಳಿದಿದೆಯಾ ನೋಡಿ.

ಇನ್ನು ಕ್ಯಾಮ್. ಅದರ ಡಿಗ್ರಿ ಅಂದರೆ ಕ್ರ್ಯಾಂಕ್ ಎಷ್ಟು ತಿರುಗುವಷ್ಟು ಹೊತ್ತು ವಾಲ್ವ್ ತೆರೆದಿರುತ್ತದೆ ಅನ್ನುವ ಅಳತೆ. 288 ಡಿಗ್ರಿಯದು ಐಡಲ್‌ನಲ್ಲೇ ಗುಡುಗುತ್ತದೆ, ಜನ ತಿರುಗಿ ನೋಡುತ್ತಾರೆ. ನನಗೂ ಅದೇ ಹುಚ್ಚು ಹಿಡಿದಿತ್ತು. ಆದರೆ 4,500ರ ಕೆಳಗೆ ಅದಕ್ಕೆ ಜೀವವೇ ಇಲ್ಲ. ಕಂಪನಿ ಗೇರ್‌ಬಾಕ್ಸ್‌ನಲ್ಲಿ ಒಂದರಿಂದ ಎರಡಕ್ಕೆ ಹಾಕಿದರೆ ಆರ್‌ಪಿಎಂ ಮುಳ್ಳು 4,200ಕ್ಕೆ ಬೀಳುತ್ತದೆ. ಕಾರು ಒಂದು ಕ್ಷಣ ನಿಂತ ಹಾಗೆ! 264 ಡಿಗ್ರಿಯದಕ್ಕೆ ಆ ಗುಡುಗಿಲ್ಲ, ಜಾಸ್ತಿ ಆರ್‌ಪಿಎಂನಲ್ಲಿ ಉಸಿರೂ ಬೇಗ ಮುಗಿಯುತ್ತದೆ. ಆದರೂ ಡ್ರ್ಯಾಗ್ ರೇಸಿನ ಕಾಲು ಮೈಲಿಗೆ, ಅಂದರೆ 402 ಮೀಟರ್‌ಗೆ 16.9 ಸೆಕೆಂಡ್. ದೊಡ್ಡ ಕ್ಯಾಮಿಗೆ 17.2 ಬಂದಿತ್ತು.

ಈಗ ಕಾರಲ್ಲಿರುವುದು 264 ಮತ್ತು ಬೀಹೈವ್. 288 ಎಣ್ಣೆ ಹಚ್ಚಿದ ಪೇಪರಿನಲ್ಲಿ ಸುತ್ತಿಕೊಂಡು ಕಾಕಾ ಕಪಾಟಿನಲ್ಲಿದೆ. ಹತ್ತಿರ ಹತ್ತಿರದ ಗೇರ್‌ಗಳ ಬಾಕ್ಸ್ ಸಿಕ್ಕ ದಿನ ಹೊರಗೆ ತೆಗೆಯುತ್ತೇನೆ.