ಸಾಯ್ತಿರೋ ಹವಳಕ್ಕೆ ಡಿಪ್ಪಾ, ಕಟ್ಟರ್ರಾ, ಸುಮ್ನೆ ಬಿಡೋದಾ? ಮೂರನ್ನೂ ಮಾಡಿ ನೋಡಿದ್ದು

ಟ್ಯಾಂಕಿನಲ್ಲಿ ಹವಳ ಸೊರಗಿದ ಕೂಡಲೇ ನಮ್ಮ ಕೈ ಹೋಗುವುದು ಡಿಪ್ ಬಾಟಲಿಗೆ, ಅಂದರೆ ಹವಳವನ್ನು ಅದ್ದಿ ತೆಗೆಯುವ ಔಷಧಿಗೆ. ನನ್ನನ್ನು ಕೇಳಿದರೆ ಬಾಟಲಿಯ ಸರದಿ ಬರುವುದು ಮೂರನೆಯದಾಗಿ. ಮೊದಲು ನೀರಿನ ಆಲ್ಕಲಿನಿಟಿ (ಕ್ಷಾರಗುಣ) ಅಳೆಯುವ ಕಿಟ್, ಆಮೇಲೆ ಒಳ್ಳೆಯ ಕಟ್ಟರ್, ಅದಾದ ಮೇಲೆ ಬಾಟಲಿ. ನ್ಯೂಜೆರ್ಸಿಯ ನಮ್ಮ ಮನೆಯಲ್ಲಿರುವುದು 75 ಗ್ಯಾಲನ್ನಿನ, ಅಂದರೆ ಸುಮಾರು 280 ಲೀಟರಿನ ರೀಫ್ ಟ್ಯಾಂಕ್. ಅದರಲ್ಲಿ ಆಕ್ರೊಪೋರಾ, ಮಾಂಟಿಪೋರಾ, ಟಾರ್ಚ್, ಝೋವಾಂಥಿಡ್ ಅನ್ನುವ ಹವಳದ ಬಗೆಗಳೆಲ್ಲವೂ ಒಟ್ಟಿಗೆ ಇವೆ. ಹಾಗಾಗಿ ಒಂದೇ ಮದ್ದು ಬೇರೆ ಬೇರೆ ಹವಳದ ಮೇಲೆ ಏನು ಮಾಡುತ್ತದೆ ಅಂತ ಹತ್ತಿರದಿಂದ ನೋಡಲು ಸಿಕ್ಕಿತು.

ಊರಲ್ಲಿ ಕೂತು ಓದುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಭಾರತದಲ್ಲಿ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಮುಳುಗಿ ಕಣ್ತುಂಬ ನೋಡಿ. ಒಂದು ಚೂರನ್ನೂ ಮುರಿದು ತರುವ ಹಾಗಿಲ್ಲ, ತರಲೂಬಾರದು.

ಈಗ ರೋಗದ ವಿಷಯ. "ಹವಳ ಬಿಳಿಯಾಯ್ತು" ಅಂತ ಹೇಳಿದರೆ ಸಾಲದು. ಬಿಳಿಯಲ್ಲಿ ಎರಡು ಬಗೆ, ಎರಡಕ್ಕೂ ಮದ್ದು ಬೇರೆ. ಒಂದರಲ್ಲಿ ಹವಳದ ಮಾಂಸದೊಳಗೆ ಬದುಕುವ ಪಾಚಿ ಕಣಗಳು ಹೊರಟುಹೋಗಿರುತ್ತವೆ. ಮಾಂಸ ಗಾಜಿನಂತೆ ಪಾರದರ್ಶಕವಾಗಿ, ಒಳಗಿನ ಸುಣ್ಣದ ಗೂಡು ಕಾಣುತ್ತದೆ. ಇದು ಬ್ಲೀಚಿಂಗ್. ಹವಳ ಇನ್ನೂ ಬದುಕಿದೆ. ಇನ್ನೊಂದರಲ್ಲಿ ಮಾಂಸವೇ ಕಳಚಿ ಹೋಗಿರುತ್ತದೆ, ಉಳಿದಿರುವುದು ಬರೀ ಗೂಡು. ವ್ಯತ್ಯಾಸ ತಿಳಿಯಲು ರಾತ್ರಿ ದೀಪ ಆರಿದ ಮೇಲೆ ಟಾರ್ಚ್ ಲೈಟ್ ಹಿಡಿದು, ಭೂತಗನ್ನಡಿ ಇಟ್ಟು ನೋಡಿ. ಬಿಳಿ ಜಾಗದಲ್ಲಿ ಪಾಲಿಪ್‌ಗಳು, ಅಂದರೆ ಹವಳದ ಪುಟ್ಟ ಜೀವಿಗಳು, ಕೈ ಚಾಚಿದ್ದರೆ ಬ್ಲೀಚಿಂಗ್. ಜೀವದ ಸುಳಿವೇ ಇಲ್ಲದೆ, ಅಂಚಿನಲ್ಲಿ ಮಾಂಸ ನೆನೆಸಿದ ಬಾದಾಮಿಯ ಸಿಪ್ಪೆ ಹಾಗೆ ಸಡಿಲವಾಗಿ ಅಲ್ಲಾಡುತ್ತಿದ್ದರೆ ಅದು ಮಾಂಸ ಕಳಚುವ ರೋಗ. ನಿಧಾನಕ್ಕೆ ಆದರೆ ಎಸ್‌ಟಿಎನ್, ಗಂಟೆಗಳಲ್ಲಿ ಮುಗಿದುಹೋದರೆ ಆರ್‌ಟಿಎನ್ ಅಂತ ಹವ್ಯಾಸಿಗಳು ಕರೆಯುತ್ತಾರೆ.

ಬ್ಲೀಚಿಂಗ್‌ಗೆ ಡಿಪ್ ಬೇಡವೇ ಬೇಡ. ಮೊದಲೇ ಬಳಲಿದ ಹವಳವನ್ನು ಔಷಧಿ ನೀರಿಗೆ ಹಾಕಿದರೆ ಮತ್ತಷ್ಟು ಬಳಲುತ್ತದೆ, ಅಷ್ಟೇ. ಅದನ್ನು ಕೆಳಗಿನ ಕಲ್ಲಿಗೆ ಇಳಿಸಿ, ಬೆಳಕು ಕಡಿಮೆ ಮಾಡಿ, ನೀರಿನ ಬಿಸಿ 25–26 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲಿಸಿ. ಪಾಚಿ ಕೊಡುತ್ತಿದ್ದ ಊಟ ನಿಂತಿದೆ, ಅಲ್ವಾ? ಆದ್ದರಿಂದ ಪಾಲಿಪ್ ಬಾಯಿ ತೆರೆಯುವ ಹೊತ್ತು ನೋಡಿ ಸಣ್ಣ ಆಹಾರ ನಾವೇ ಕೊಡಬೇಕು. ಬಣ್ಣ ವಾಪಸ್ ಬರಲು ವಾರಗಳು, ಒಮ್ಮೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಇಲ್ಲಿ ಸುಮ್ಮನಿರುವುದೇ ಚಿಕಿತ್ಸೆ.

ಮಾಂಸ ಕಳಚುವ ರೋಗದಲ್ಲೇ ನನಗೆ ನಿಜವಾದ ಹೋಲಿಕೆ ಸಿಕ್ಕಿದ್ದು. ಒಮ್ಮೆ ಡೋಸಿಂಗ್ ಪಂಪಿನ ನಳಿಕೆಯಲ್ಲಿ ಉಪ್ಪು ಕಟ್ಟಿಕೊಂಡು ಆಲ್ಕಲಿನಿಟಿ 8.5 ಡಿಕೆಎಚ್‌ನಿಂದ (ಅದನ್ನು ಅಳೆಯುವ ಮಾನ) 7ಕ್ಕಿಂತ ಕೆಳಗೆ ಬಿತ್ತು. ದೊಡ್ಡ ಆಕ್ರೊಪೋರಾ ಬುಡದಿಂದ ಬಿಳಿಯಾಗುತ್ತಾ ಮೇಲೇರತೊಡಗಿತು. ಸಮುದ್ರದ ನೀರಿನಲ್ಲೂ ಆಲ್ಕಲಿನಿಟಿ ಸುಮಾರು 7 ಡಿಕೆಎಚ್ ಇರುತ್ತದೆ, ಅಂದರೆ ಆ ಸಂಖ್ಯೆ ಕೆಟ್ಟದ್ದೇನಲ್ಲ. ಹವಳ ತಡೆಯದಿದ್ದುದು ದಿಢೀರ್ ಬದಲಾವಣೆಯನ್ನು. ಅದನ್ನು ಸರಿಮಾಡುವಾಗಲೂ ದಿನಕ್ಕೆ ಅರ್ಧ ಡಿಕೆಎಚ್‌ಗಿಂತ ಜಾಸ್ತಿ ಏರಿಸಲಿಲ್ಲ.

ಆ ಒಂದೇ ತಾಯಿ ಹವಳದ ತುಂಡುಗಳಿಗೆ ಬೇರೆ ಬೇರೆ ದಾರಿ ಹಿಡಿದೆ. ಕೆಲವು ಕೊಂಬೆಗಳನ್ನು ರೋಗದ ಗೆರೆಯಿಂದ ಒಂದೆರಡು ಸೆಂಟಿಮೀಟರ್ ಮೇಲೆ ಕತ್ತರಿಸಿ, ಏನೂ ಹಾಕದೆ ಹೊಸ ಪ್ಲಗ್‌ಗೆ (ಹವಳದ ತುಂಡು ನಿಲ್ಲಿಸುವ ಪುಟ್ಟ ಬಿಲ್ಲೆಗೆ) ಅಂಟಿಸಿದೆ. ಕೆಲವನ್ನು ಹಾಗೇ ಕತ್ತರಿಸಿ, ಅಯೋಡಿನ್ ಡಿಪ್‌ನಲ್ಲಿ ಅದ್ದಿ ಅಂಟಿಸಿದೆ. ಕೆಲವನ್ನು ಗೆರೆಗೆ ತೀರಾ ಹತ್ತಿರ ಕತ್ತರಿಸಬೇಕಾಯಿತು, ಕೊಂಬೆಯೇ ಅಷ್ಟು ಗಿಡ್ಡ. ಅವುಗಳಿಗೂ ಡಿಪ್ ಕೊಟ್ಟೆ. ಬುಡದ ಭಾಗವನ್ನು ಕತ್ತರಿಸದೆ, ಮಾಂಸ ಮುಗಿದು ಬಿಳಿ ಶುರುವಾಗುವ ಅಂಚಿನುದ್ದಕ್ಕೂ ಸೂಪರ್‌ಗ್ಲೂ ಜೆಲ್ ಮೆತ್ತಿ ಬಿಟ್ಟೆ.

ದೂರ ಕತ್ತರಿಸಿದ ತುಂಡುಗಳು ಉಳಿದವು. ಡಿಪ್ ಕಂಡವು, ಕಾಣದವು ಅಂತ ಭೇದವೇ ಇರಲಿಲ್ಲ, ಎರಡೂ ಒಂದೇ ವೇಗದಲ್ಲಿ ಪ್ಲಗ್ ಮೇಲೆ ಹಬ್ಬಿದವು. ಹತ್ತಿರ ಕತ್ತರಿಸಿದವು ಡಿಪ್ ಕೊಟ್ಟರೂ ಕಳಚುತ್ತಲೇ ಹೋದವು. ಗ್ಲೂ ಮೆತ್ತಿದ ಬುಡ ಒಂದು ಬದಿಯಲ್ಲಿ ನಿಂತಿತು, ಇನ್ನೊಂದು ಬದಿಯಲ್ಲಿ ಗ್ಲೂ ದಾಟಿ ಬಿಳಿ ಮುಂದುವರಿಯಿತು. ನನ್ನ ತೀರ್ಮಾನ ಇದು: ಆಕ್ರೊಪೋರಾದ ಮಾಂಸ ಕಳಚುತ್ತಿದ್ದರೆ ಕಟ್ಟರ್ ಗೆಲ್ಲುತ್ತದೆ, ಅದೂ ಧಾರಾಳವಾಗಿ ಆರೋಗ್ಯದ ಕಡೆಗೆ ಸರಿದು ಕತ್ತರಿಸಿದರೆ ಮಾತ್ರ. ಚೆನ್ನಾಗಿರುವ ಕೊಂಬೆಯನ್ನು ಕತ್ತರಿಸಲು ಮನಸ್ಸು ಬರುವುದಿಲ್ಲ, ಗೊತ್ತು. ಆ ಒಂದು ಸೆಂಟಿಮೀಟರ್ ಉಳಿಸಲು ಹೋದರೆ ಇಡೀ ಕೊಂಬೆ ಕೈಬಿಡುತ್ತದೆ. ಆರ್‌ಟಿಎನ್ ಆದರಂತೂ ನಾಳೆಗೆ ಬಿಡುವಂತಿಲ್ಲ, ಕಂಡ ಗಳಿಗೆಯಲ್ಲೇ ಕತ್ತರಿಸಬೇಕು.

ಟಾರ್ಚ್ ಹವಳದ ಕಥೆ ಬೇರೆ. ಟಾರ್ಚ್, ಹ್ಯಾಮರ್ ಹವಳಗಳಿಗೆ ಬರುವ ಬ್ರೌನ್ ಜೆಲ್ಲಿ ರೋಗ ತುಂಬಾ ಕ್ರೂರವಾದದ್ದು. ಬೆಳಿಗ್ಗೆ ಒಂದು ತಲೆ ಮಾತ್ರ ಅರಳದೆ ಕುಗ್ಗಿರುತ್ತದೆ. ಸಂಜೆಗೆ ಅದರ ಮೇಲೆ ಕಂದು ಲೋಳೆ. ಹೊರಗೆ ತೆಗೆದರೆ ಕೊಳೆತ ಮೀನಿನ ನಾತ. ಆ ಲೋಳೆಯ ಒಂದು ಹನಿಯನ್ನು ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ಸಿಲಿಯೇಟ್ ಅನ್ನುವ ಏಕಕೋಶ ಜೀವಿಗಳು ಗಿಜಿಗುಡುತ್ತಿರುತ್ತವೆ. ಕೆಲವುಗಳ ಹೊಟ್ಟೆಯಲ್ಲಿ ಹವಳದ ಪಾಚಿ ಕಣಗಳೇ ಕಾಣುತ್ತವೆ.

ಇಲ್ಲಿ ಮಾಡಬೇಕಾದ ಮೊದಲ ಕೆಲಸ ಪಂಪ್ ಆರಿಸುವುದು. ಲೋಳೆ ಹಾರಿ ಪಕ್ಕದ ತಲೆಯ ಮೇಲೆ ಕೂತರೆ ಅದೂ ಹೋಯಿತು. ಪೈಪಿನಿಂದ ಲೋಳೆಯನ್ನು ಹೀರಿ ಚೆಲ್ಲಿ, ಹವಳವನ್ನು ಹೊರಗೆ ಬಕೆಟ್ಟಿಗೆ ತೆಗೆಯಬೇಕು. ಕವಲೊಡೆಯುವ ಟಾರ್ಚ್‌ನಲ್ಲಿ ಪ್ರತಿ ತಲೆಗೂ ತನ್ನದೇ ಕಾಂಡ ಇರುತ್ತದೆ, ಆದ್ದರಿಂದ ರೋಗದ ತಲೆಯನ್ನು ಕಾಂಡದಲ್ಲೇ ಕತ್ತರಿಸಿ ತೆಗೆಯಬಹುದು. ಅಯೋಡಿನ್ ಡಿಪ್ ನಿಜವಾಗಿ ಕೆಲಸಕ್ಕೆ ಬಂದದ್ದು ಇಲ್ಲಿ. ರೋಗದ ತಲೆ ಡಿಪ್‌ನಿಂದ ಬದುಕಲಿಲ್ಲ. ಆದರೆ ಅದರ ಅಕ್ಕಪಕ್ಕದ, ಲೋಳೆ ತಾಕಿದ್ದ ತಲೆಗಳನ್ನು ಬೇರೆ ಮಾಡಿ ಹತ್ತು ನಿಮಿಷ ಅದ್ದಿ ತೆಗೆದದ್ದರಿಂದ ಅವು ಉಳಿದವು. ಇನ್ನೊಂದು ಸಲ ತಲೆಗಳನ್ನು ಬೇರೆ ಮಾಡದೆ ಇಡೀ ಟಾರ್ಚನ್ನು ಅದ್ದಿದಾಗ ಲೋಳೆ ಮತ್ತೆ ಬಂತು. ಇಲ್ಲಿ ಕಟ್ಟರ್ ಮತ್ತು ಡಿಪ್ ಎರಡೂ ಬೇಕು, ಒಂದೇ ಸಾಲದು. ಗೋಡೆ ಹಾಗೆ ಬೆಳೆಯುವ ವಾಲ್ ಹ್ಯಾಮರ್ ಆದರೆ ಮಾಂಸ ಎಲ್ಲ ಒಂದೇ, ಕತ್ತರಿಸಲು ಸಂದಿಯೇ ಇಲ್ಲ. ಹೊಸಬರಿಗೆ ನಾನು ವಾಲ್ ಹ್ಯಾಮರ್ ತರಬೇಡಿ ಅನ್ನುವುದು ಈ ಕಾರಣಕ್ಕೇ.

ಅಯೋಡಿನ್‌ನ ಅಳತೆ ಬಾಟಲಿಯ ಮೇಲೆ ಬರೆದಿರುವಷ್ಟೇ ಇರಲಿ. ಟ್ಯಾಂಕಿನದೇ ನೀರು, ಅದೇ ಬಿಸಿ. ಆಮೇಲೆ ಇನ್ನೊಂದು ಬಕೆಟ್ ಶುದ್ಧ ಟ್ಯಾಂಕ್ ನೀರಿನಲ್ಲಿ ತೊಳೆದೇ ಒಳಗೆ ಬಿಡಬೇಕು. ಡಿಪ್ ನೀರು ಚರಂಡಿಗೆ.

ಮದ್ದು ಹಾಕಿ ಕೈ ಚೆಲ್ಲಿ ಕೂರುವ ಮೊದಲು ಫ್ಲೋರಿಡಾದ ಕಥೆಯನ್ನೂ ಗಮನಿಸಬೇಕು. 2014ರಲ್ಲಿ ಮಯಾಮಿ ಹತ್ತಿರ ಗಟ್ಟಿ ಹವಳಗಳ ಮಾಂಸ ಕಳಚುವ ರೋಗ ಕಾಣಿಸಿಕೊಂಡು ಕೆರಿಬಿಯನ್‌ವರೆಗೂ ಹಬ್ಬಿತು. ಇಪ್ಪತ್ತಕ್ಕೂ ಹೆಚ್ಚು ಜಾತಿಗಳು ಅದಕ್ಕೆ ಸಿಕ್ಕವು. ಅಲ್ಲಿನ ಮುಳುಗುಗಾರರು ಅಮಾಕ್ಸಿಸಿಲಿನ್ ಬೆರೆಸಿದ ಪೇಸ್ಟನ್ನು ಒಂದೊಂದೇ ಗಾಯದ ಅಂಚಿಗೆ ಮೆತ್ತಿದರು. ಕ್ಲೋರಿನ್ ಬೆರೆಸಿದ ಎಪಾಕ್ಸಿಗಿಂತ ಅದು ಚೆನ್ನಾಗಿ ಗಾಯ ನಿಲ್ಲಿಸಿತು. ಆದರೂ ಅದೇ ಹವಳದಲ್ಲಿ ಬೇರೆ ಕಡೆ ಹೊಸ ಗಾಯ ಏಳುವುದನ್ನು ಅದು ತಡೆಯಲಿಲ್ಲ. ಮನೆ ಟ್ಯಾಂಕಿನಲ್ಲಿ ಆ್ಯಂಟಿಬಯಾಟಿಕ್ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಕಲ್ಲಿನೊಳಗಿನ ಒಳ್ಳೆಯ ಬ್ಯಾಕ್ಟೀರಿಯಾವೇ ನಮ್ಮ ನೀರನ್ನು ಕಾಯುತ್ತಿರುವುದು. ಅದನ್ನೇ ಕೊಂದರೆ ಉಳಿದ ಹವಳಗಳ ಗತಿ?

ಪೆರಾಕ್ಸೈಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಗಡಿಯ 3 ಶೇಕಡಾ ಪೆರಾಕ್ಸೈಡ್ ಒಂದು ಪಾಲು, ಟ್ಯಾಂಕ್ ನೀರು ಹತ್ತು ಪಾಲು, ಐದು ನಿಮಿಷ. ಝೋವಾಂಥಿಡ್ ಮಧ್ಯೆ ಬೆಳೆದ ಕೂದಲು ಪಾಚಿ ತೆಗೆಯಲು ಇದರಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ. ಟಾರ್ಚ್‌ಗೆ ಮಾತ್ರ ಬೇಡ, ಅದರ ಮಾಂಸ ತೀರಾ ಮೃದು. ಝೋವಾಂಥಿಡ್ ಮುಟ್ಟುವಾಗ ಕೈಗವಸು, ಕನ್ನಡಕ ಹಾಕಿಕೊಳ್ಳಿ. ಕೆಲವುಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಘೋರ ವಿಷ ಇರುತ್ತದೆ. ಅವು ಬೆಳೆದ ಕಲ್ಲನ್ನು ಕುದಿಸುವುದಂತೂ ಬೇಡವೇ ಬೇಡ, ಅದರ ಹಬೆಯಿಂದ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಉದಾಹರಣೆಗಳಿವೆ.

ಇನ್ನು ಹುಳ. ಮಾಂಟಿಪೋರಾದ ಅಂಚು ಯಾರೋ ಕೆರೆದ ಹಾಗೆ ಬಿಳಿಯಾಗುತ್ತಿದ್ದರೆ, ಆಲ್ಕಲಿನಿಟಿ ಸರಿ ಇದ್ದರೆ, ಹವಳವನ್ನು ತಿರುಗಿಸಿ ಅಡಿ ನೋಡಿ. ಕೆಲವೇ ಮಿಲಿಮೀಟರ್ ಉದ್ದದ, ಬೆನ್ನ ಮೇಲೆ ಬಿಳಿ ಕುಚ್ಚುಗಳಿರುವ ನ್ಯೂಡಿಬ್ರಾಂಕ್ ಅನ್ನುವ ಚಿಪ್ಪಿಲ್ಲದ ಬಸವನಹುಳು ಅಲ್ಲಿ ಅಡಗಿರುತ್ತದೆ. ಆಕ್ರೊಪೋರಾದಲ್ಲಿ ಚಪ್ಪಟೆ ಹುಳ ಇರುತ್ತದೆ. ಅದರ ಬಣ್ಣ ಹವಳದ ಬಣ್ಣದಲ್ಲೇ ಕರಗಿರುವುದರಿಂದ ಹುಳ ಕಾಣುವುದಿಲ್ಲ, ಅದು ಕಚ್ಚಿದ ದುಂಡು ಕಲೆ ಮಾತ್ರ ಕಾಣುತ್ತದೆ.

ಇಲ್ಲಿ ಅಯೋಡಿನ್ ಸೋತಿತು. ಅದ್ದಿ ತೆಗೆದ ಮೇಲೂ ನ್ಯೂಡಿಬ್ರಾಂಕ್ ಹರಿದಾಡುತ್ತಿತ್ತು. ಕೋರಲ್‌ಆರ್‌ಎಕ್ಸ್ ಥರದ ಸಸ್ಯದ ಎಣ್ಣೆಯ ಡಿಪ್‌ನಲ್ಲಿ ಹಾಕಿ, ಪಿಪೆಟ್ಟಿನಿಂದ ನೀರು ಚಿಮ್ಮಿಸಿದರೆ ಹುಳಗಳು ಬಕೆಟ್ ತಳಕ್ಕೆ ಉದುರುತ್ತವೆ. ಬಿಳಿ ಬಕೆಟ್ ಇಟ್ಟುಕೊಂಡರೆ ಚಪ್ಪಟೆ ಹುಳವೂ ಕಣ್ಣಿಗೆ ಬೀಳುತ್ತದೆ. ತೋಟಕ್ಕೆ ಹೊಡೆಯುವ ಇಮಿಡಾಕ್ಲೋಪ್ರಿಡ್ ಕೀಟನಾಶಕವನ್ನೂ ಇದಕ್ಕೆ ಬಳಸುವವರಿದ್ದಾರೆ. ಗೆಳೆಯರ ಮನೆಯಲ್ಲಿ ಪಕ್ಕದಲ್ಲಿ ನಿಂತು ನೋಡಿದ್ದೇನೆ, ಹುಳ ಬೇಗ ಸಾಯುತ್ತದೆ. ಆದರೂ ಅದನ್ನು ನನ್ನ ಟ್ಯಾಂಕಿನ ಹತ್ತಿರ ಸೇರಿಸುವುದಿಲ್ಲ. ಸರಿಯಾಗಿ ತೊಳೆಯದೆ ಸ್ವಲ್ಪ ಒಳಗೆ ಹೋದರೂ ಸಿಗಡಿ, ಏಡಿಗಳ ಜೀವಕ್ಕೆ ಅಪಾಯ.

ಯಾವ ಡಿಪ್ಪೂ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಡಿಪ್ ಮಾಡಿ ನಿಶ್ಚಿಂತೆಯಿಂದ ಇದ್ದವರ ಟ್ಯಾಂಕಿಗೆ ಹುಳ ಮರಳುವುದು ಹೀಗೆಯೇ. ವಾರಕ್ಕೊಮ್ಮೆಯಂತೆ ಕೆಲವು ವಾರ ಮತ್ತೆ ಮತ್ತೆ ಅದ್ದಬೇಕು, ಮೊಟ್ಟೆ ಕಂಡಲ್ಲಿ ಬ್ಲೇಡಿನಿಂದ ಕೆರೆಯಬೇಕು. ಹೊಸ ಫ್ರ್ಯಾಗ್ (ಹವಳದ ತುಂಡು) ಕೊಂಡು ತಂದಾಗ ಅದರ ಪ್ಲಗ್ಗನ್ನು ಇಟ್ಟುಕೊಳ್ಳಲೇಬೇಡಿ. ಮೊಟ್ಟೆ ಜಾಸ್ತಿ ಇರುವುದು ಪ್ಲಗ್ಗಿನ ಅಡಿಯಲ್ಲಿ ಮತ್ತು ಹವಳ ಅಂಟಿದ ಸಂದಿಯಲ್ಲಿ. ಹವಳವನ್ನು ಅಲ್ಲಿಂದ ಸ್ವಲ್ಪ ಮೇಲೆಯೇ ಕತ್ತರಿಸಿ, ಹಳೆ ಪ್ಲಗ್ ಕಸಕ್ಕೆ ಹಾಕಿ, ಹೊಸದಕ್ಕೆ ಅಂಟಿಸಿ. ಸಾಧ್ಯವಾದರೆ ಅದನ್ನು ಬೇರೊಂದು ಸಣ್ಣ ಟ್ಯಾಂಕಿನಲ್ಲಿ ಒಂದೂವರೆ ತಿಂಗಳು ಇಟ್ಟು ನೋಡಿ, ಆಮೇಲೆ ದೊಡ್ಡ ಟ್ಯಾಂಕಿಗೆ ಬಿಡಿ.